ಎರಡನೆಯ ಪಟ್ಟಿಯ ಗೆರೆ

ಚಿಕಲಠಾಣಾ, ಛತ್ರಪತಿ ಸಂಭಾಜಿನಗರ
೧೪ ಆಗಸ್ಟ್ ೨೦೨೫

ಪ್ರಿಯಂವದಾ ವೈನಿಯವರಿಗೆ ನಾದಿನಿ ಭಾಗ್ಯಶ್ರೀಯ ನಮಸ್ಕಾರಗಳು.

ನಿಮ್ಮ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಸಿಟ್ಟಾಗಬೇಡಿರಿ. ಬರಿಗೈಲೆ ಬರೆಯಬಾರದು ಅಂತ ಹಟ ಹಿಡಿದಿದ್ದೆ.

ಅಣ್ಣನನ್ನು ಕೊಂದ ಮಲೇರಿಯಾದ ರೋಗಾಣು ರಕ್ತದೊಳಗಿನ ಸಕ್ಕರೆ ತಿಂದೇ ಬದುಕುತ್ತದೆ. ಅದರ ಊಟದ ದಾರಿ ಹುಡುಕುವುದೇ ನಮ್ಮ ಲ್ಯಾಬಿನ ಕೆಲಸ. ಹೋದ ತಿಂಗಳು ತಟ್ಟೆಯಲ್ಲಿ ಬೆಳೆಸಿದ ರೋಗಾಣುಗಳಿಗೆ ಒಂದು ಔಷಧಿ ಹಾಕಿ ಆ ದಾರಿ ಮುಚ್ಚಿದೆ. ಎರಡು ದಿನಕ್ಕೆ ಎಲ್ಲವೂ ಸತ್ತವು. ನಮ್ಮ ಕುಸುಮಾವತಿ ಮೇಡಂ, "ಸಾಕು, ಎಷ್ಟು ಸಲ ನೋಡ್ತಿ?" ಅಂದರು. "ಹಸಿದು ಸಾಯೋದು ನೋಡಬೇಕ್ರಿ" ಅಂದೆ. ಆ ಔಷಧಿ ಮನುಷ್ಯರಿಗೆ ಸಿಗಲು ಇನ್ನೂ ವರ್ಷಗಳೇ ಬೇಕು.

ಇನ್ನೊಂದು ಕೆಲಸ ಬೇಗ ಕೈಗೂಡಿತು. ಅಣ್ಣನಿಗೆ ಮಾಡಿದ ರಕ್ತಪರೀಕ್ಷೆಯ ಪಟ್ಟಿ, ಅಂದರೆ ಸ್ಟ್ರಿಪ್ಪು, ರೋಗಾಣುವಿನ ಒಂದೇ ಪ್ರೋಟೀನು ಹುಡುಕುವಂಥದ್ದು. ಆ ಪ್ರೋಟೀನು ಇಲ್ಲದ ರೋಗಾಣು ಅದಕ್ಕೆ ಸಿಗುವುದೇ ಇಲ್ಲ. ನಮ್ಮ ಹೊಸ ಪಟ್ಟಿ, ಸಕ್ಕರೆ ಅರಗಿಸಲು ರೋಗಾಣುವಿಗೆ ಬೇಕೇಬೇಕಾದ ಕಿಣ್ವವನ್ನು ಹಿಡಿಯುತ್ತದೆ. ಕೊನೆಯ ದಿನ ದೊಡ್ಡಾಸ್ಪತ್ರೆಯಲ್ಲಿ ತೆಗೆದ ಅಣ್ಣನ ರಕ್ತ, ನೀವು ಸಹಿ ಹಾಕಿ ಕೊಟ್ಟಿದ್ದು, ಎರಡು ವರ್ಷ ನಮ್ಮ ಫ್ರೀಜರಿನಲ್ಲಿತ್ತು. ಹಳೆಯ ಪಟ್ಟಿಯಲ್ಲಿ ಮಲೇರಿಯಾದ ಗೆರೆ ಬರಲಿಲ್ಲ. ನಮ್ಮದರಲ್ಲಿ ಕೆಂಪು ಗೆರೆ ಮೂಡಿತು.

ಮರುದಿನವೇ ನಾಶಿಕದ ಬಸ್ಸು ಹತ್ತಿದೆ. ಅಣ್ಣನಿಗೆ ಮಲೇರಿಯಾ ಇಲ್ಲ ಅಂತ ಬರೆದುಕೊಟ್ಟ ಡಾಕ್ಟರ್ ರತ್ನಾಕರನ ಲ್ಯಾಬಿಗೇ ಹೋದೆ. ಕಾಯುತ್ತಿದ್ದ ಪೇಶಂಟುಗಳೆದುರೇ ಎರಡೂ ಪಟ್ಟಿ ಮೇಜಿನ ಮೇಲಿಟ್ಟೆ.

"ಪಟ್ಟಿಯಲ್ಲಿ ಬರದಿದ್ರೆ ನಾನೇನು ಮಾಡ್ಲಿ?" ಅಂದ.

"ಮೈಕ್ರೋಸ್ಕೋಪು ಯಾಕಿಟ್ಟೀರಿ? ಇಗತಪುರಿ ಮಳ್ಯಾಗ ರೈಲ್ವೆ ಹಳಿ ಕಾಯೋ ಮನಶ್ಯಾಗ ಚಳಿಜ್ವರ ಬಂದಿತ್ತು. ಒಂದು ಹನಿ ರಕ್ತ ಗಾಜಿನ ಮ್ಯಾಲ ಸವರಿ ನೋಡಿದ್ರ ನಮ್ಮಣ್ಣ ವೈಜನಾಥ ಉಳೀತಿದ್ದ."

ಒಬ್ಬಾಕೆ ಮಗು ಎತ್ತಿಕೊಂಡು ಹೊರಗೆ ನಡೆದಳು, ಹಿಂದೆಯೇ ಇನ್ನಿಬ್ಬರು. ರತ್ನಾಕರ ಕೈ ಮುಗಿದ. ನಾನು ಕ್ಷಮಿಸಲಿಲ್ಲ. ಜಿಲ್ಲಾ ಆರೋಗ್ಯ ಕಚೇರಿಗೆ ಲಿಖಿತ ದೂರೂ ಕೊಟ್ಟು ಬಂದೆ. ಈ ಎರಡು ವರ್ಷದಲ್ಲಿ ಅಷ್ಟು ಸಂತೋಷ ನನಗೆ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ?

ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿರಿ. ಪ್ರಜ್ಞಾ ಚೆನ್ನಾಗಿ ಓದಲಿ, ಅಪ್ಪನ ಆಯುಷ್ಯವೂ ಅವಳಿಗೇ ಸೇರಲಿ.

ನಿಮ್ಮ
ಭಾಗ್ಯಶ್ರೀ

ತಾ.ಕ.: ಇದನ್ನು ಬರೆಯದೆ ಪತ್ರ ಅಂಟಿಸಲಾರೆ. ಜ್ವರ ಬಂದ ಮೂರನೆಯ ದಿನ ಅಣ್ಣ ನನಗೆ ಫೋನು ಮಾಡಿದ್ದ. ನಿಮಗೆ ಗೊತ್ತಿಲ್ಲ. "ಭಾಗೂ, ಚಳಿ ನಿಂತಿಲ್ಲ, ದೊಡ್ಡಾಸ್ಪತ್ರಿಗಿ ಹೋಗ್ಲೇನು?" ಅಂತ ಕೇಳಿದ. ಮಲೇರಿಯಾ ಓದಿದವಳು ನಾನು. "ನೆಗೆಟಿವ್ ಬಂದದಲ್ಲ, ಸುಮ್ಮನ ಮಲಕೋ" ಅಂದೆ. ರತ್ನಾಕರನನ್ನು ನಾನು ಬಿಡಲಿಲ್ಲ. ನನ್ನನ್ನು ಏನು ಮಾಡಬೇಕು, ನೀವೇ ಹೇಳಿರಿ.