ಏಳನೆಯ ಹಾಡು ಯಾರದು

ಮಾರ್ಚ್ ಹದಿನಾಲ್ಕು, ಗುರುವಾರ

ನನ್ನ ಗೊಣ್ಣೆ,

ಮೂವತ್ತೆಂಟು ವರ್ಷದ ಗಾಯಕಿಯನ್ನು ಹೀಗೆ ಕರೆಯಬಾರದು, ಗೊತ್ತು. ಆದರೆ ಬೇರೆ ಹೆಸರು ಹಾಕಿದರೆ ಇದು ಪತ್ರಿಕೆಯ ವಿಮರ್ಶಕಿ ಬರೆದ ಕಾಗದವಾಗಿಬಿಡುತ್ತದೆ. ಸೋಮವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಹರಿದು ಹಾಕುವುದೇ ಆದರೆ ಪೂರ್ತಿ ಓದಿ ಹರಿ, ತಾಯಿ.

ಭಾನುವಾರದ ಅಂಕಣದಲ್ಲಿ ನಾನು ನಿನ್ನ ಮಾನ ಕಳೆದೆ. ಆ ಸಿನಿಮಾ ಹಾಡುಗಳ ಸಂಕಲನದ ಬಗ್ಗೆ ಬರೆದ ಉಳಿದ ಮಾತನ್ನು ನಾನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಒಂದು ಸಿನಿಮಾಕ್ಕೆಂದು ಹನ್ನೆರಡು ಆಲ್ಟರ್ನೇಟಿವ್ ರಾಕ್ ತಂಡಗಳನ್ನು ಕೂಡಿಹಾಕಿದ್ದಾರೆ. ಅದು ವಠಾರದ ಹಾಗಿದೆ, ಪ್ರತಿ ಕೋಣೆಯವರಿಗೂ ಪಕ್ಕದ ಕೋಣೆಯವರ ಮೇಲೆ ಮುನಿಸು. ಅರ್ಧ ಹಾಡುಗಳು ಸಿನಿಮಾದಲ್ಲಿ ಕಾರಿನ ರೇಡಿಯೋದಲ್ಲಿ ಹತ್ತು ಸೆಕೆಂಡು ಕೇಳಿಸಿ, ಕಾರಿನ ಬಾಗಿಲು ಹಾಕಿದ ಕೂಡಲೇ ಸಾಯುತ್ತವೆ. ಹತ್ತಕ್ಕೆ ಆರು ಅಂಕ ಕೊಟ್ಟೆ. ಅದು ನ್ಯಾಯವೇ.

ನ್ಯಾಯವಲ್ಲದ್ದು ಎರಡೇ ಎರಡು ಮಾತು. ಮೊದಲನೆಯ ಹಾಡು ನಿಮ್ಮ ತಂಡದ್ದೆಂದುಕೊಂಡು, 'ಮೆಚ್ಚಿಸುವ ಆತುರ ಬಿಟ್ಟರೆ ಇಲ್ಲಿ ಏನೂ ಇಲ್ಲ, ಧ್ವನಿ ಗಿಟಾರಿನ ಹಿಂದೆ ಅವಿತು ಕೂತಿದೆ' ಎಂದು ಬರೆದೆ. ಏಳನೆಯದು ಪೋಸ್ಟರಿನಲ್ಲಿ ದೊಡ್ಡಕ್ಷರದಲ್ಲಿರುವ ಆ ಹೆಸರಾಂತ ತಂಡದ್ದೆಂದುಕೊಂಡು, 'ಈ ಗಾಯಕಿ ಕೊನೆಗೂ ತನ್ನ ಧ್ವನಿಯನ್ನು ಕಂಡುಕೊಂಡಿದ್ದಾಳೆ, ಇದೊಂದು ಹಾಡಿಗಾಗಿ ಇಡೀ ಸಂಕಲನವನ್ನು ಕೊಳ್ಳಬಹುದು' ಎಂದು ಬರೆದೆ. ಅಯ್ಯೋ ನನ್ನ ಕಿವಿಯೇ!

ಭಾನುವಾರ ಬೆಳಿಗ್ಗೆ ನೀನೇ ಫೋನ್ ಮಾಡಿ, ಓದ್ದೆ ಕಣೇ ಅಂದೆ. ಅಳುತ್ತೀಯೇನೋ ಅಂದುಕೊಂಡಿದ್ದೆ. ನೀನು ಅಳಲಿಲ್ಲ. ಏಳನೇ ಹಾಡು ನಿಜವಾಗ್ಲೂ ಅಷ್ಟು ಚೆನ್ನಾಗಿದೆಯಾ ಅಂತ ಕೇಳಿದೆ. ಎರಡು ಸಲ ಕೇಳಿದೆ. ನಾನೋ, ದೊಡ್ಡ ಪಂಡಿತೆ, ಅದನ್ನ ದಿನಾ ಕೇಳು, ನಿಮ್ಮಂಥೋರು ಅವಳಿಂದ ಕಲಿಯೋದು ಬೇಕಾದಷ್ಟಿದೆ ಎಂದು ಉಪದೇಶ ಕೊಟ್ಟೆ. ನೀನು ಸರಿ ಅಕ್ಕ ಅಂದು ಫೋನ್ ಇಟ್ಟುಬಿಟ್ಟೆ.

ಸೋಮವಾರ ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಮಗಳ ಹಾಡು ಕೇಳಬೇಕು ಅಂತ ಹಠ ಹಿಡಿದಳು. ಅವಳ ಪಾಲಿಗೆ ನಿಮ್ಮ ಸಂಗೀತವೆಲ್ಲ ಡಬ್ಬ ಬಡಿದ ಹಾಗೆ, ನಿನಗೇ ಗೊತ್ತಲ್ಲ. ಸೀಡಿ ಹಾಕಿದೆ. ಮೊದಲನೆಯ ಹಾಡಿಗೆ ಅವಳು ತಲೆಯನ್ನೇ ಎತ್ತಲಿಲ್ಲ, ದಿಂಬಿನ ಹೊದಿಕೆಗೆ ಬಿದ್ದ ಕಲೆ ನೋಡುತ್ತಿದ್ದಳು. ನಾನು ಒಳಗೆ ಹೋಗಿ ತಟ್ಟೆ ತೊಳೆಯತೊಡಗಿದೆ. ಏಳನೆಯದು ಶುರುವಾಯಿತು, ಇನ್ನೂ ಒಂದು ಪದವೂ ಬಂದಿರಲಿಲ್ಲ. ಅಷ್ಟರಲ್ಲೇ ಅಮ್ಮ, ಬಂದ್ಳು ನೋಡು ನಮ್ಮ ಗೊಣ್ಣೆ ಎಂದು ಕೂಗಿದಳು. ಅಮ್ಮಾ, ಅದು ಬೇರೆಯವಳು ಅಂದೆ. ಸಾಕು ಸುಮ್ನಿರೆ, ಸಾಲು ಶುರು ಮಾಡೋಕೆ ಮುಂಚೆ ಮೂಗಲ್ಲಿ ಸೊರ್ ಅಂತ ಉಸಿರೆಳ್ಕೊಳ್ಳೋದು ಈ ಪ್ರಪಂಚದಲ್ಲಿ ಇನ್ಯಾರಿದ್ದಾರೆ ಅಂದಳು.

ಒದ್ದೆ ಕೈಯಲ್ಲೇ ಸೀಡಿ ಹೊರತಂದ ಕಂಪನಿಗೆ ಫೋನ್ ಮಾಡಿದೆ. ಗುಮಾಸ್ತೆ ಓದಿ ಹೇಳಿದಳು: ಒಂದನೆಯದು ಹೆಸರಾಂತ ತಂಡದ್ದು, ಏಳನೆಯದು ನಿಮ್ಮದು. ಅಮ್ಮ ಹಿತ್ತಲ ಗಿಡ ಮದ್ದಲ್ಲ ಎಂದಷ್ಟೇ ಹೇಳಿ, ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಈಗ ಯಾರಿಗೂ ಹೇಳದ ಒಂದು ಮಾತು. ಆ ಸೀಡಿ ಮೇಜಿಗೆ ಬಂದ ದಿನ, ಕೇಳುವ ಮೊದಲೇ ನಿನ್ನ ಹಾಡಿಗೆ ಕಡಿಮೆ ಅಂಕ ಎಂದು ನಿಶ್ಚಯಿಸಿಬಿಟ್ಟಿದ್ದೆ. ಹನ್ನೆರಡು ವರ್ಷ ನಿನ್ನ ಬಗ್ಗೆ ಒಂದಕ್ಷರ ಬರೆಯದೆ ತಪ್ಪಿಸಿಕೊಂಡೆ. ಕಚೇರಿಯಲ್ಲಿ ಯಾರಾದರೂ ಅಕ್ಕನ ಕೈವಾಡ ಅಂದಾರು ಎಂಬ ಭಯ. ಈ ಸಲ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅದಕ್ಕೇ ನಿನ್ನನ್ನು ಬೈದು ನಾನು ಒಳ್ಳೆಯವಳಾಗಲು ಹೊರಟೆ. ಬೇರೆಯವರ ವಿಷಯದಲ್ಲಿ ಅಡ್ಡಗೋಡೆಯ ಮೇಲೆ ದೀಪ ಇಡುವ ನಾನು, ನಿನ್ನ ವಿಷಯದಲ್ಲಿ ಮಾತ್ರ ಬಾಯಿಗೆ ಬಂದ ಹಾಗೆ ಬರೆದೆ. ನೀನು ಹಾಡುವುದನ್ನು ಎದುರಿಗೆ ಕೂತು ಕೇಳಿ ಒಂಬತ್ತು ವರ್ಷವಾಯಿತು. ನಿನ್ನ ಧ್ವನಿ ಅಷ್ಟು ಕೆಳಗಿಳಿದು, ಅಷ್ಟು ತುಂಬಿಕೊಂಡದ್ದು ನನಗೆ ಗೊತ್ತಾಗಲೇ ಇಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ನಾಚಿಕೆಯಾಗುತ್ತದೆ ಕಣೇ.

ನಿನ್ನೆ ಸಂಪಾದಕರ ಮುಂದೆ ನಿಂತೆ. ಸೀಡಿಯ ಹೊದಿಕೆ ಇನ್ನೂ ಅಚ್ಚಾಗಿರಲಿಲ್ಲ, ಜೊತೆಗೆ ಬಂದದ್ದು ಹಾಡುಗಳ ಕೈಬರಹದ ಪಟ್ಟಿ, ಒಂದನ್ನು ಏಳೆಂದೂ ಏಳನ್ನು ಒಂದೆಂದೂ ಓದಿಕೊಂಡೆ, ತಪ್ಪು ನನ್ನದೇ ಅಂದೆ. ಮೊದ್ಲು ಕನ್ನಡಕ ಬದಲಾಯಿಸಿ ಮೇಡಂ ಅಂದರು. ಹೆಸರಾಂತ ತಂಡದವರು ಕೆಂಡಾಮಂಡಲವಾಗಿದ್ದಾರಂತೆ. ಮೂರು ತಿಂಗಳು ಅಂಕಣವನ್ನು ಬೇರೆಯವರು ಬರೆಯುತ್ತಾರೆ. ಈ ಭಾನುವಾರ ನನ್ನ ಹೆಸರಿನಲ್ಲೇ ತಿದ್ದುಪಡಿ ಬರುತ್ತದೆ. ಮೆಚ್ಚಿ ಬರೆದ ಮಾತುಗಳಲ್ಲಿ ಒಂದನ್ನೂ ಬದಲಿಸಿಲ್ಲ. ಅವುಗಳ ಮುಂದೆ ನಿನ್ನ ಹೆಸರು ಹಾಕಿದ್ದೇನೆ, ಅಷ್ಟೆ. 'ಈಕೆ ನನ್ನ ತಂಗಿ' ಎಂದೂ ಸೇರಿಸಿದ್ದೇನೆ. ಅನ್ನುವವರು ಅಂದುಕೊಳ್ಳಲಿ.

ಶನಿವಾರ ಸಂಜೆ ಹಳೆಯ ಗೋದಾಮಿನಲ್ಲಿ ನಿಮ್ಮ ಕಾರ್ಯಕ್ರಮವಿದೆಯಂತೆ. ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಅವಳು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾಳಂತೆ, ನಾನು ಇಟ್ಟುಕೊಳ್ಳುವುದಿಲ್ಲ. ಬರಬೇಡ ಅನ್ನುವುದಾದರೆ ಫೋನಿಗೆ ಒಂದು ಸಾಲು ಹಾಕು.

ನಿನ್ನ
ಕಿವುಡಿ ಅಕ್ಕ

ಮರೆಯುವ ಮೊದಲು: ಎರಡನೆಯ ತರಗತಿಯಲ್ಲಿ ನೀನು ಬರೆಯುವ ಒಂದಕ್ಕೂ ಏಳಕ್ಕೂ ವ್ಯತ್ಯಾಸ ತಿಳಿಯದೆ ಗಣಿತದ ಟೀಚರ್ ಅಂಕ ಕಳೆಯುತ್ತಿದ್ದರು. ಏಳರ ಸೊಂಟಕ್ಕೊಂದು ಅಡ್ಡಗೆರೆ ಎಳಿ ಅಂತ ಹೇಳಿಕೊಟ್ಟವಳು ನಾನು. ಸೀಡಿಯ ಜೊತೆ ಬಂದ ಪಟ್ಟಿಯ ಏಳಕ್ಕೆ ಆ ಗೆರೆ ಇದೆ, ಅದರ ಮುಂದೆ ಹೆಸರಾಂತ ತಂಡದ ಹೆಸರಿದೆ. ಆ ಏಳನ್ನು ಒಂದು ಎಂದು ಕುರುಡರೂ ಓದಲಾರರು. ಕಂಪನಿಯಲ್ಲಿ ಕೆಲಸದವರು ಸಾಲದೆ, ಪಟ್ಟಿ ಬರೆದು ಸೀಡಿಯ ಕವರುಗಳನ್ನು ಹಾಡುಗಾರರೇ ಕೂತು ತುಂಬಿದರು, ಪತ್ರಿಕೆಗಳ ಕವರು ನಿನ್ನ ಪಾಲಿಗೆ ಬಂದಿತ್ತು ಎಂದು ಆ ಗುಮಾಸ್ತೆಯೇ ಹೇಳಿದಳು. ಸಂಪಾದಕರು ಪಟ್ಟಿ ಕೇಳಿದಾಗ ಕಳೆದುಹೋಯಿತು ಅಂದೆ. ಅದು ನನ್ನ ಪರ್ಸಿನಲ್ಲಿದೆ, ಶನಿವಾರ ನಿನ್ನ ಕೈಗೇ ಕೊಡುತ್ತೇನೆ. ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಹೆಸರು ಕಂಡಿದ್ದರೆ ನಾನು ಆ ಹಾಡನ್ನು ಕೇಳುತ್ತಲೇ ಇರಲಿಲ್ಲ.