ಮಂಚದಡಿಯ ವಾಗ್ದಾನಗಳು

ಜೂನ್ ೩, ಬೆಳಿಗ್ಗೆ

ತಂಗಿ, ಹೇಗಿದ್ದೀಯ? ಯಜಮಾನರ ಮಂಡಿನೋವು ಇಳಿಯಿತೇ? ಗುಂಡನಿಗೆ ಜ್ವರ ಬಿಟ್ಟಿತೇ? ದೊಡ್ಡವಳ ಬಾಣಂತನ ಸುಸೂತ್ರವಾಗಿ ನಡೆಯುತ್ತಿದೆ ತಾನೇ? ನಿನ್ನ ಅತ್ತಿಗೆ ದಿನೇದಿನೇ ಚೇತರಿಸಿಕೊಳ್ಳುತ್ತಿದ್ದಾಳೆ...

ಇಷ್ಟು ಬರೆದು ನಿಲ್ಲಿಸಿದೆ. ಯಾವ ಪತ್ರವಾದರೂ ಮೊದಲು ಈ ಡೈರಿಯಲ್ಲಿ ಬರೆದು, ತಿದ್ದಿ, ಆಮೇಲೆ ಕಾಗದಕ್ಕೆ ಇಳಿಸುವುದು ನನ್ನ ಅಭ್ಯಾಸ. ಶಾಲೆ ಕಂಡದ್ದು ಮೂರೇ ವರ್ಷ. ಅಕ್ಷರ ಕೂಡಿಬಂದದ್ದು ಅಂಗಡಿಗಳ ಬೋರ್ಡು ಬರೆಯುತ್ತ.

ಕೊನೆಯ ಸಾಲು ಸುಳ್ಳು. ನಿನ್ನೆ ಡಾಕ್ಟರಮ್ಮ ನನ್ನೊಬ್ಬನನ್ನೇ ಹೊರಗೆ ಕರೆದರು. "ಇನ್ನು ಇಂಜೆಕ್ಷನ್ ಬೇಡ. ಮನೇಲೇ ಆರಾಮಾಗಿರ್ಲಿ. ನೋವಿಗೆ ಮಾತ್ರೆ ಕೊಡ್ತೀನಿ."

ಇವಳಿಗೆ ಹೇಳಿಲ್ಲ.

ಜೂನ್ ೪

ಬೆಳಗಿನ ಪ್ರಾರ್ಥನೆ ಆದ ಮೇಲೆ ಇವಳು ವಾಗ್ದಾನದ ಡಬ್ಬಿಯಿಂದ ಒಂದು ಚೀಟಿ ಎತ್ತುತ್ತಾಳೆ. ನಲವತ್ತೊಂದು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಮದುವೆಯಾದ ವರ್ಷ ನಾನೇ ಬರೆದ ಚೀಟಿಗಳು — ಬೋರ್ಡು ಬರೆದು ಮಿಕ್ಕ ಬಣ್ಣ, ಸಣ್ಣ ಬ್ರಷ್, ರಟ್ಟಿನ ಒಂದೊಂದು ಚೂರಿಗೆ ಬೈಬಲಿನಿಂದ ದೇವರ ಒಂದೊಂದು ಮಾತು. ಮುನ್ನೂರು ಚಿಲ್ಲರೆ.

ಇವಳು ಸ್ನಾನಕ್ಕೆ ಹೋದಾಗ ಎಲ್ಲ ಸುರಿದುಕೊಂಡು ಕೂತೆ. ಸಾವು ಎಂಬ ಪದ ಕಂಡದ್ದು — ತೆಗೆದೆ. ಪರಲೋಕ — ತೆಗೆದೆ. ಕಣ್ಣೀರು — ಅದನ್ನೂ. ಗುಣಪಡಿಸುವ, ಬಲ ಕೊಡುವ, ಆಯುಸ್ಸು ಹೆಚ್ಚಿಸುವ ಮಾತುಗಳಷ್ಟೇ ಉಳಿದವು. ಇಪ್ಪತ್ತೆರಡು! ಡಬ್ಬಿ ಬರಿದಾಗಿ ಕಾಣಬಾರದೆಂದು ಅಡಿಗೆ ಹಳೇ ಬನಿಯನ್ ಮಡಿಸಿಟ್ಟೆ. ತೆಗೆದವನ್ನು ಪೇಂಟ್ ಡಬ್ಬಕ್ಕೆ ತುಂಬಿ ಮಂಚದಡಿ ತಳ್ಳಿದೆ.

ದೇವರ ಕ್ಷಮೆ ಕೇಳಿದೆನೋ ಇಲ್ಲವೋ... ನೆನಪಿಲ್ಲ.

ಜೂನ್ ೯

ಪಾಸ್ಟರ್ ಬಂದಿದ್ದರು. "ನಂಬಿಕೆ ಬಿಡಬೇಡಿ ಅಣ್ಣ" ಎಂದರು. ಆಮೆನ್ ಎಂದೆ. ಬಾಯಿ ಮಾತ್ರ.

ಇವಳು ಕುಡಿದದ್ದು ಅರ್ಧ ಲೋಟ ಗಂಜಿ ಮಾತ್ರ.

ಜೂನ್ ೨೧

ಸಿಕ್ಕಿಬಿದ್ದೆ.

ಚೀಟಿ ಎತ್ತಿ ಓದಿದಳು. ಕನ್ನಡಕ ತೆಗೆದಳು. "ರೀ, ಈ ಗುಣವಾಗೋ ಮಾತು ಇದೇ ವಾರ ಮೂರನೇ ಸಲ ಬಂತು. ದೇವರಿಗೂ ನಿಮ್ಮ ಹಾಗೆ ಮರೆವು ಬಂತಾ?"

"ಒಳ್ಳೇ ಮಾತು, ಮತ್ತೆ ಮತ್ತೆ ಹೇಳ್ತಾನೆ ಬಿಡು."

ಡಬ್ಬಿಯೊಳಗೆ ಕೈಯಿಳಿಸಿ ನನ್ನ ಬನಿಯನ್ ಎಳೆದು ಹಿಡಿದಳು. "ಇದು ಯಾವ ವಾಗ್ದಾನ?"

ಎಲ್ಲ ಹೇಳಿದೆ — ಡಾಕ್ಟರಮ್ಮನ ಮಾತೂ.

"ಗೊತ್ತಿತ್ತು. ನನ್ನ ಮೈ ನನಗೆ ಗೊತ್ತಾಗಲ್ವಾ? ಅದಿರಲಿ, ದೇವರ ಮಾತನ್ನೇ ಸೋಸಿದ್ರಲ್ಲ! ಅವನಿಗೇನು ಮಾತಾಡೋಕೆ ಬರಲ್ವಾ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇವಳು ನಕ್ಕಳು. ನಗುತ್ತಲೇ ಪಕ್ಕೆ ಹಿಡಿದುಕೊಂಡಳು.

ಜೂನ್ ೨೨, ಮಧ್ಯಾಹ್ನ

ಮಂಚದಡಿಯ ಡಬ್ಬ ತೆಗೆಸಿದಳು. "ಓದಿ, ಒಂದೊಂದೇ."

ಓದಿದೆ. ಸಾವಿನ ಕತ್ತಲಲ್ಲೂ ಕೈಬಿಡೆನೆಂಬ ಮಾತು ಬಂದಾಗ ಅರ್ಧಕ್ಕೇ ಚೀಟಿ ಮಗುಚಿಟ್ಟೆ. ಇವಳೇ ಮುಗಿಸಿದಳು, ಕಣ್ಣು ಮುಚ್ಚಿಕೊಂಡು, ಬಾಯಿಪಾಠ. ದೇವರು ತನ್ನವರಿಗಾಗಿ ಪರಲೋಕದಲ್ಲಿ ಮನೆ ಸಿದ್ಧಮಾಡಿರುವ ಮಾತು ಬಂದಾಗ ಎದ್ದೇ ಕೂತಳು.

"ಇದನ್ನೂ ಬಚ್ಚಿಟ್ಟಿದ್ರಾ? ಇಷ್ಟು ದಿನದಿಂದ ಇದಕ್ಕೇ ಕಾಯ್ತಿದ್ದೆ ಕಣ್ರೀ. ದಿನಾ ಎತ್ತಿದ್ರೂ ಇದು ಬರ್ತಾನೇ ಇರ್ಲಿಲ್ಲ. ದೇವರು ನನಗೆ ಇದನ್ನ ಕೊಡಲ್ವೇನೋ ಅಂತ ಹೆದರ್ಕೊಂಡಿದ್ದೆ."

ಹದಿನೆಂಟು ದಿನ. ಇವಳ ಭಯ ನೀಗಲೆಂದು ನಾನು ಮಾಡಿದ ಕೆಲಸವೇ ಇವಳಿಗೆ ಭಯ ಹುಟ್ಟಿಸಿತ್ತು.

"ಹನ್ನೊಂದು ಬಾಡಿಗೆ ಮನೆ ಬದಲಿಸಿದ್ವಿ. ಅಲ್ಲಿ ಯಾರೂ ಖಾಲಿ ಮಾಡಿ ಅನ್ನಲ್ಲ" ಎಂದಳು. ಮುಖ ಮದುವೆ ಹೆಣ್ಣಿನಂತೆ ಹೊಳೆಯುತ್ತಿತ್ತು. ಅಷ್ಟು ಮಾತುಗಳನ್ನು ಗೆರೆ ಎಳೆದು ನೇರವಾಗಿ ಬರೆದವನು ನಾನು. ಒಂದನ್ನಾದರೂ ಇವಳ ಹಾಗೆ ನಂಬಿದ್ದೆನೇ?

ಜುಲೈ ೨

ತಂಗಿ,

ಹಿಂದಿನ ಪತ್ರದಲ್ಲಿ ಸುಳ್ಳು ಬರೆದೆ. ನಿನ್ನ ಅತ್ತಿಗೆ ಉಳಿಯುವುದಿಲ್ಲ. ಈಗ ಹಾಸಿಗೆಯಿಂದ ಏಳಲಾಗುತ್ತಿಲ್ಲ. ಚೀಟಿ ಎತ್ತಲು ಕೈಗೆ ಶಕ್ತಿಯಿಲ್ಲ. ನಾನೇ ಎತ್ತುತ್ತೇನೆ, ಕಣ್ಣು ಮುಚ್ಚಿ, ಬಂದದ್ದನ್ನು ಬಂದಂತೆ ಓದುತ್ತೇನೆ. ಕೆಲವು ದಿನ ಓದುವುದು ತುಂಬ ಕಷ್ಟ.

ಪಕ್ಕದಲ್ಲೇ ಮಲಗಿ ಹೇಳಿ ಬರೆಸುತ್ತಿದ್ದಾಳೆ. "ಅತ್ತಿಗೆ ಅಳ್ತಾ ಹೋಗ್ತಿಲ್ಲ, ಖುಷಿಯಾಗಿ ಹೋಗ್ತಿದ್ದಾಳೆ ಅಂತ ಬರೀರಿ. ಸೋಸದೆ ಬರೀರಿ."

ಬರೆದೆ. ನನಗೆ ಆ ಖುಷಿ ಇನ್ನೂ ಬಂದಿಲ್ಲ, ತಂಗಿ. ಇವಳ ಮುಖ ನೋಡುವಾಗ ಮಾತ್ರ ಅದು ನಿಜವೆನ್ನಿಸುತ್ತದೆ. ಇವಳು ಹೋದ ಮೇಲೆ ಯಾರ ಮುಖ ನೋಡಲಿ?

ಕೂಡಲೇ ಎರಡು ಸಾಲು ಬರಿ. ನಿನ್ನ ಪತ್ರವೆಂದರೆ ಇವಳಿಗೆ ಇಷ್ಟ. ಕಿವಿ ಇನ್ನೂ ಚೆನ್ನಾಗಿ ಕೇಳುತ್ತದೆ, ಓದಿ ಹೇಳುತ್ತೇನೆ. ಮುಂದಿನ ವಾರ ಎನ್ನಬೇಡ. ಇವತ್ತೇ ಬರಿ.