ಲಿನೆಟ್‌ಳ ಮರ

ಲೆವೆಲ್‌ವುಡ್, ಸೇಂಟ್ ಹೆಲೆನಾ
ಭಾನುವಾರ, 9 ಸೆಪ್ಟೆಂಬರ್ 2012

ಪ್ರೀತಿಯ ಮಾವಿಸ್,

ಕಾಲಿನ ಬಾವು ಇಳಿಯಿತೇ? ಅಸೆನ್ಶನ್ ದ್ವೀಪದ ಆ ಸೆಕೆಯಲ್ಲಿ, ನೂರು ಜನರ ಅಡುಗೆಗೆ ದಿನವಿಡೀ ನಿಂತಿರಬೇಡ ಎಂದರೆ ನೀನು ಕೇಳುವವಳೇ? ನಾನು ಚೆನ್ನಾಗಿದ್ದೇನೆ. ಆಂಟಿ ಫ್ಲೋ ವಾರಕ್ಕೊಮ್ಮೆ ಮೀನಿನ ಪುಲಾವ್ ಕಳಿಸುತ್ತಾಳೆ. ನಿನ್ನ ಕೈರುಚಿ ತನಗೆ ಬರದು ಎಂದು ತಾನೇ ಹೇಳಿಕೊಳ್ಳುತ್ತಾಳೆ, ನಾನೂ ಅಲ್ಲವೆನ್ನುವುದಿಲ್ಲ. ಸಂಜೆಯ ಟೀ ಚರಟವನ್ನು ನೀನು ಹೇಳಿದಂತೆ ಲಿನೆಟ್‌ಳ ಮರದ ಬುಡಕ್ಕೇ ಹಾಕುತ್ತಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ.

ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಬಂಡೆಯ ಮೇಲಿದ್ದ ಗಮ್ ಮರ ಕಳೆದ ತಿಂಗಳ ಗಾಳಿಗೆ ಬಿತ್ತು. ಕಾಡಿನಲ್ಲಿ ಆ ಜಾತಿಯದು ಉಳಿದಿದ್ದದ್ದು ಅದೊಂದೇ. ಹಗ್ಗ ಕಟ್ಟಿಕೊಂಡು ಇಳಿದು, ಅದರ ಪಕ್ಕ ಕುಳಿತು ಅತ್ತುಬಿಟ್ಟೆ. ಇನ್ನು ಲೋಕದಲ್ಲಿರುವುದು ಅದರ ಬೀಜದಿಂದ ನಮ್ಮ ಹಿತ್ತಿಲಲ್ಲಿ ಎದ್ದ ಎರಡೇ ಗಿಡ. ಅವುಗಳ ಹೂವಿಗೆ ನಾನು ಕುಂಚದಿಂದ ಪರಾಗ ಮುಟ್ಟಿಸಿ, ಚೀಲ ಕಟ್ಟಿ ಬೀಜ ಹಿಡಿಸಿದ್ದೆನಲ್ಲ, ನಲವತ್ತು ಸಸಿ ಬಂದಿದ್ದವು. ನರ್ಸರಿಯ ವಿಲ್ಮಾ ಬಂದು ಒಂದೊಂದರ ಎಲೆಯನ್ನೂ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮೆಲ್ಲಗೆ, "ಎಲ್ಡ್ರೆಡ್, ಇವು ಬಂಡೆಯವಲ್ಲ ಕಣೋ. ಎಲ್ಲದಕ್ಕೂ ನಿನ್ ಮಗಳ ಮರದ ಎಲೆ ಬಂದಿದೆ" ಎಂದಳು. ಚೀಲದ ಸಂದಿಯಿಂದ ನೊಣ ನುಗ್ಗಿ ಆ ಮರದ ಪರಾಗ ಬೆರೆಸಿದ್ದವು. ನಲವತ್ತನ್ನೂ ಕಿತ್ತು ಸುಟ್ಟೆ.

ಎರಡು ಸಾವಿರದ ಇಸವಿಗೆ ಊರಿಗೆ ಊರೇ ಬೋಳುಗುಡ್ಡದಲ್ಲಿ ತಲೆಗೊಂದರಂತೆ ಸಾಮಾನ್ಯ ಜಾತಿಯ ಗಮ್ ಸಸಿ ನೆಟ್ಟದ್ದು ನೆನಪಿದೆಯಲ್ಲ. ಹಿಂದಿನ ವರ್ಷವೇ ಹೋಗಿಬಿಟ್ಟಿದ್ದ ನಮ್ಮ ಲಿನೆಟ್‌ಳ ಪಾಲಿನ ಸಸಿಯನ್ನು ಮಾತ್ರ ನೀನು ಎದೆಗವಚಿಕೊಂಡು ಮನೆಗೆ ತಂದೆ. ಮುಂದೆ ಬಂಡೆಯ ಸಸಿಗಳನ್ನು ಎಲ್ಲಿ ನೆಡಲಿ ಎಂದು ಕೇಳಿದಾಗ, "ಅವಳ ಪಕ್ಕಾನೇ ನೆಡು, ಮಗೂಗೆ ಜೊತೆಯಾಗ್ಲಿ" ಎಂದೆ. ತಪ್ಪು ನಿನ್ನದಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವನು ನಾನು. ದಾಯಾದಿ ಮರಗಳ ಪರಾಗ ಬೆರೆಯುತ್ತದೆಂದು ಗೊತ್ತಿದ್ದೂ, ನಿನ್ನ ಮುಖ ನೋಡಿ ನೆಟ್ಟೆ.

ಲಿನೆಟ್‌ಳದನ್ನು ಬಿಟ್ಟರೆ ಪರಾಗ ಬೆರೆಯಲು ಸುತ್ತಮುತ್ತ ಬೇರೆ ಗಮ್ ಮರವಿಲ್ಲ. ಬಂಡೆಯ ಗಿಡಗಳ ಬೇರು ಕದಲಿಸಿದರೆ ಅವು ಬದುಕುವುದಿಲ್ಲ. ಹೂ ಬಿಡುವುದರೊಳಗೆ ಲಿನೆಟ್‌ಳ ಮರ ಹೋಗಬೇಕು ಎನ್ನುತ್ತಾಳೆ ವಿಲ್ಮಾ. ಮಾವಿಸ್‌ಳನ್ನು ಕೇಳದೆ ಮುಟ್ಟುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ದಿನಾ ಏಣಿ ಹತ್ತಿ ಮೊಗ್ಗು ಕೀಳುತ್ತಿದ್ದೇನೆ. ತುದಿಯ ಕೊಂಬೆಗಳು ಕೈಗೆಟುಕುವುದಿಲ್ಲ, ಹೊದಿಸಿದ ಪರದೆಯನ್ನು ಗಾಳಿ ಹರಿದುಹಾಕಿತು. ಮರಳುವ ಹಡಗಿಗೇ ಉತ್ತರ ಬರೆ. ನೀನು ಬೇಡವೆಂದರೆ ಬೇಡ.

ರಾತ್ರಿ ಕಾಲಿಗೆ ಉಪ್ಪುನೀರು ಹಾಕಿಕೊಳ್ಳುವುದನ್ನು ಮರೆಯಬೇಡ. ದೇವರು ನಿನ್ನನ್ನು ಕಾಯಲಿ.

ನಿನ್ನ,
ಎಲ್ಡ್ರೆಡ್

ಮ.ಮ.: ಗುರುವಾರ, ಅವಸರದಲ್ಲಿ. ಹಡಗು ಇನ್ನೇನು ಹೊರಡುತ್ತದೆ. ನಿನ್ನೆ ಬೆಳಿಗ್ಗೆ ಮರದ ತುದಿಯಲ್ಲಿ ಹೂ ಅರಳಿತ್ತು, ಪಕ್ಕದ ಎರಡು ಗಿಡಗಳಲ್ಲೂ. ನಿನ್ನ ಉತ್ತರಕ್ಕೆ ಕಾಯಲಿಲ್ಲ. ಗರಗಸವನ್ನು ಬೇರೆಯವರ ಕೈಗೆ ಕೊಡದೆ ನಾನೇ ಕಡಿದೆ. ಸಂಜೆ ಟೀ ಕುಡಿದು, ಚರಟ ಹಿಡಿದು ಹಿತ್ತಿಲಿಗೆ ಹೋಗಿ ನಿಂತಿದ್ದೆ. ಎಲ್ಲಿ ಹಾಕಲಿ, ಮಾವಿಸ್?